ಆಟದ ಕಂಪ್ಯೂಟರಿನ ತಾಪವೂ ಆಯುಷ್ಯವೂ

ಆಟಕ್ಕೆಂದೇ ಸಜ್ಜುಗೊಳಿಸಿದ ಕಂಪ್ಯೂಟರು ಇಂದು ನಮ್ಮ ಅನೇಕ ಮನೆಗಳ ಒಂದು ಮೂಲೆಯನ್ನು ಹಿಡಿದು ಕುಳಿತಿದೆ. ಅದರ ಬೆಲೆ ಅರುವತ್ತು ಎಪ್ಪತ್ತು ಸಾವಿರದಿಂದ ಲಕ್ಷ, ಎರಡು ಲಕ್ಷದವರೆಗೂ ಏರುವುದುಂಟು. ಹಿರಿಯರು ಅದನ್ನು ಮಕ್ಕಳ ಆಟಿಕೆಯೆಂದು ಉಪೇಕ್ಷಿಸುತ್ತಾರೆ. ಕಿರಿಯರು ಅದರ ವೇಗವನ್ನು ಕೊಂಡಾಡುತ್ತಾರೆಯೇ ಹೊರತು ಅದರ ಒಡಲನ್ನು ತೆರೆದು ನೋಡುವುದಿಲ್ಲ. ಇವರಿಬ್ಬರ ನಡುವೆ ಯಂತ್ರವು ಧೂಳು ತುಂಬಿಕೊಂಡು, ಒಳಗೊಳಗೇ ಕುದಿದು, ಎಂಟು ಹತ್ತು ವರ್ಷ ಬಾಳಬೇಕಾದುದು ಮೂರು ನಾಲ್ಕು ವರ್ಷಗಳಲ್ಲೇ ಕೈಕೊಡುತ್ತದೆ. ಆಟ ಎಷ್ಟಿರಬೇಕು, ಯಾವುದಿರಬೇಕು ಎಂಬುದು ಬೇರೆಯೇ ಚರ್ಚೆ. ಮನೆಯ ಯಜಮಾನನು ದುಡಿದ ಹಣದಿಂದ ಬಂದ ವಸ್ತುವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ಈ ತಾಪವು ಎಲ್ಲಿಂದ ಬರುತ್ತದೆಂಬುದನ್ನು ತಿಳಿಯೋಣ. ಕಂಪ್ಯೂಟರು ಹೀರಿಕೊಂಡ ವಿದ್ಯುತ್ತು ಅನಂತರ ಎಲ್ಲಿಗೆ ಹೋಗುತ್ತದೆ? ಬಹುಪಾಲು ಎಲ್ಲವೂ ಉಷ್ಣವಾಗಿ ನಮ್ಮ ಕೋಣೆಯನ್ನೇ ಸೇರುತ್ತದೆ. ೧೯೯೩ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರು ಸುಮಾರು ೧೫ ವ್ಯಾಟ್ ವಿದ್ಯುತ್ತಿನಿಂದ ತೃಪ್ತವಾಗುತ್ತಿತ್ತು. ೨೦೨೨ರಲ್ಲಿ ಬಂದ ಇಂಟೆಲ್ ಕೋರ್ ಐ೯-೧೩೯೦೦ಕೆ ಪ್ರೊಸೆಸರಿಗೆ ತಯಾರಕರೇ ನಮೂದಿಸಿದ ಗರಿಷ್ಠ ಮಿತಿ ೨೫೩ ವ್ಯಾಟ್. ಅದೇ ವರ್ಷ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ ೪೦೯೦ ಗ್ರಾಫಿಕ್ಸ್ ಕಾರ್ಡಿನದು ೪೫೦ ವ್ಯಾಟ್. ಇವೆರಡೂ ಶ್ರೀಮಂತರ ಪಾಲಿನವು. ಆದರೆ ಸಾಧಾರಣ ಮನೆಯ ಯಂತ್ರವೂ ಆಟದ ಹೊತ್ತಿನಲ್ಲಿ ೨೫೦–೩೦೦ ವ್ಯಾಟ್‌ಗಳನ್ನು ಸಲೀಸಾಗಿ ಬಳಸುತ್ತದೆ. ಸಾವಿರ ವ್ಯಾಟ್‌ನ ಸಣ್ಣ ರೂಮ್ ಹೀಟರೊಂದನ್ನು ಕಾಲುಭಾಗ ಉರಿಸಿ, ಅದರ ಮೇಲೊಂದು ತಗಡಿನ ಡಬ್ಬಿ ಕವುಚಿದಂತೆ ಎಂದು ಊಹಿಸಿಕೊಂಡರೆ ಸಾಕು.

ಕಾವು ಮಿತಿಮೀರಿದಾಗ ಪ್ರೊಸೆಸರು ತಾನಾಗಿಯೇ ವೇಗ ಕುಗ್ಗಿಸಿಕೊಳ್ಳುತ್ತದೆ. ಇನ್ನೂ ಏರಿದರೆ ಯಂತ್ರವು ಥಟ್ಟನೆ ಸ್ಥಗಿತವಾಗುತ್ತದೆ. ಹಿಂದೆ ಈ ಕಾವಲು ಎಲ್ಲ ಪ್ರೊಸೆಸರುಗಳಿಗೂ ಇರಲಿಲ್ಲ. ೨೦೦೧ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆಯವರು, ಓಡುತ್ತಿರುವ ಎ.ಎಂ.ಡಿ. ಅಥ್ಲಾನ್ ಪ್ರೊಸೆಸರಿನ ಮೇಲಿನ ಹೀಟ್ ಸಿಂಕನ್ನು ಕಿತ್ತು, ಅದು ಕ್ಷಣಗಳಲ್ಲಿ ಸುಟ್ಟು ಹೊಗೆಯಾಡುವುದನ್ನು ಚಿತ್ರೀಕರಿಸಿ ತೋರಿಸಿದ್ದರು. ಇಂದಿನವು ಹಾಗೆ ಸುಡುವುದಿಲ್ಲ. ಐ೯-೧೩೯೦೦ಕೆಗೆ ೧೦೦ ಡಿಗ್ರಿ, ಎ.ಎಂ.ಡಿ.ಯ ರೈಜೆನ್ ೭೦೦೦ ಸರಣಿಯ ಬಹುತೇಕ ಪ್ರೊಸೆಸರುಗಳಿಗೆ ೯೫ ಡಿಗ್ರಿ ಸೆಲ್ಸಿಯಸ್ ಎಂದು ಗಡಿ ಹಾಕಲಾಗಿದೆ. ಆದಕಾರಣ ಆಟದ ಹೊತ್ತಿನಲ್ಲಿ ೭೦–೮೦ ಡಿಗ್ರಿ ಕಂಡರೆ ಗಾಬರಿಪಡಬೇಕಾಗಿಲ್ಲ. ಗಡಿಯನ್ನೇ ಮುಟ್ಟಿ ನಿಂತಿದ್ದರೆ ಮಾತ್ರ ಒಳಗೇನೋ ಕೆಟ್ಟಿದೆಯೆಂದು ತಿಳಿಯತಕ್ಕದ್ದು.

ಆದರೆ ಪ್ರೊಸೆಸರು ತನ್ನನ್ನು ತಾನು ಕಾಯ್ದುಕೊಂಡರೂ ಅದರ ನೆರೆಹೊರೆಯವರನ್ನು ಕಾಯುವವರಾರು? ವಿದ್ಯುತ್ ಪೂರೈಸುವ ಪೆಟ್ಟಿಗೆಯಲ್ಲಿ, ಅಂದರೆ ಎಸ್.ಎಂ.ಪಿ.ಎಸ್.ನಲ್ಲಿ, ಕೆಪ್ಯಾಸಿಟರುಗಳೆಂಬ ಸಣ್ಣ ಉರುಟು ಭಾಗಗಳಿರುತ್ತವೆ. ಅವುಗಳೊಳಗಿನ ದ್ರವವು ಕಾವಿಗೆ ಮೆಲ್ಲಮೆಲ್ಲನೆ ಆರಿಹೋಗುತ್ತದೆ. ಹತ್ತು ಡಿಗ್ರಿ ತಂಪಾಗಿಟ್ಟರೆ ಅವುಗಳ ಬಾಳಿಕೆ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದ ಲೆಕ್ಕ. ಪದೇಪದೇ ಕಾದು ಪದೇಪದೇ ಆರುವುದೂ ಒಂದು ಪೀಡೆಯೇ. ಮೈಕ್ರೊಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ೩೬೦ ಎಂಬ ಆಟದ ಯಂತ್ರದಲ್ಲಿ ಕೆಂಪು ದೀಪಗಳು ಹೊತ್ತಿ ಅದು ನಿಂತುಹೋಗುವ ಕಾಯಿಲೆ ಹಬ್ಬಿದಾಗ, ೨೦೦೭ರಲ್ಲಿ ಆ ಸಂಸ್ಥೆಯು ಇದಕ್ಕಾಗಿ ನೂರು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆಗೆದಿಡಬೇಕಾಯಿತು. ಹಚ್ಚಿ ಆರಿಸುವಾಗಿನ ತಾಪದ ಏರಿಳಿತಕ್ಕೆ ಚಿಪ್ಪಿನ ಒಳಗಿನ ಸೂಕ್ಷ್ಮ ಬೆಸುಗೆಗಳು ಬಿರಿದದ್ದೇ ಕಾರಣವೆಂದು ಸಂಸ್ಥೆಯವರೇ ೨೦೨೧ರಲ್ಲಿ ವಿವರಿಸಿದರು. ಅಷ್ಟು ದೊಡ್ಡ ಸಂಸ್ಥೆಯೇ ಉಷ್ಣದ ಮುಂದೆ ಮಣಿದ ಮೇಲೆ ನಮ್ಮ ಮನೆಯ ಪೆಟ್ಟಿಗೆಯ ಪಾಡೇನು!

ಇನ್ನು ಸ್ಥಳದ ವಿಚಾರ. ಯಾವ ಫ್ಯಾನೂ ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಒಳಗಿನ ಕಾವು ಯಾವಾಗಲೂ ಹೊರಗಿನ ಕಾವಿನ ಮೇಲೆ ಕೂಡಿಸಿದ ಮೊತ್ತವೇ. ಕೋಣೆ ೨೫ ಡಿಗ್ರಿ ಇರುವಾಗ ೭೦ ತೋರಿಸುವ ಪ್ರೊಸೆಸರು, ಕೋಣೆ ೪೦ ಆದಾಗ ಅದೇ ಕೆಲಸಕ್ಕೆ ೮೫ರ ಆಸುಪಾಸು ತೋರಿಸುತ್ತದೆ. ಕಲಬುರಗಿ, ರಾಯಚೂರುಗಳ ವೈಶಾಖದ ಮಧ್ಯಾಹ್ನವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸೀಮೆಯ ಮಕ್ಕಳು ಏಪ್ರಿಲ್ ಮೇ ತಿಂಗಳಲ್ಲಿ ಹಗಲು ಎರಡರಿಂದ ಐದರವರೆಗೆ ಯಂತ್ರಕ್ಕೆ ವಿರಾಮ ಕೊಡುವುದು ಲೇಸು. (ತಮಗೂ ಕೊಟ್ಟುಕೊಂಡರೆ ತಾಯಂದಿರು ಸಂತೋಷಪಟ್ಟಾರು.)

ನಮ್ಮ ಬಂಧುಗಳೊಬ್ಬರು ಧೂಳು ಬೀಳಬಾರದೆಂಬ ಸದುದ್ದೇಶದಿಂದ ಸಾಗವಾನಿಯ ಕಪಾಟು ಮಾಡಿಸಿ, ಯಂತ್ರವನ್ನು ಅದರೊಳಗಿಟ್ಟು ಬಾಗಿಲು ಹಾಕಿಸಿದ್ದರು. ಆಡತೊಡಗಿದ ಅರ್ಧ ಗಂಟೆಗೆ ಅದು ತಾನಾಗಿ ಆರಿಹೋಗುತ್ತಿತ್ತು. ರಿಪೇರಿ ಅಂಗಡಿಯವನೊಬ್ಬ ಗ್ರಾಫಿಕ್ಸ್ ಕಾರ್ಡೇ ಸತ್ತಿದೆಯೆಂದು ಹೇಳಿ ಹೊಸದಕ್ಕೆ ಮೂವತ್ತು ಸಾವಿರ ಕೇಳಿದ. ಹಣ ಕೊಡುವ ಮುನ್ನ ಇಂಜಿನಿಯರಿಂಗ್ ಓದುವ ನೆರೆಮನೆಯ ಹುಡುಗಿ ಬಂದು ನೋಡಿ, ಕಪಾಟಿನ ಮುಂಬಾಗಿಲನ್ನೂ ಹಿಂದಣ ಹಲಗೆಯನ್ನೂ ತೆಗೆಸಿ, ಒಳಗಿನ ಧೂಳನ್ನು ಊದಿದಳು. ಅದೇ ಕಾರ್ಡು ಇಂದಿಗೂ ನಡೆಯುತ್ತಿದೆ. ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ, ಯಂತ್ರವು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದುದೇ ಅದರ ರೋಗವಾಗಿತ್ತು. ಯಂತ್ರದ ಹಿಂಬದಿ ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ. ನೆಲದ ಮೇಲೆ ಇಡದೆ ಮೇಜಿನ ಮೇಲೋ ಮಣೆಯ ಮೇಲೋ ಇಡಲಿ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡುವುದಂತೂ ಅದರ ಮೂಗು ಮುಚ್ಚಿದಂತೆಯೇ.

ಧೂಳಿನ ಬಗೆಯೂ ಊರಿಂದೂರಿಗೆ ಬೇರೆ. ವಾಡಿ, ಮಳಖೇಡಗಳ ಕಡೆ ಸಿಮೆಂಟಿನ ನುಣುಪು ಧೂಳು. ಶಹಾಬಾದಿನಲ್ಲಿ ಕಲ್ಲು ಕೊರೆದ ಪುಡಿ. ಹತ್ತಿಯ ವ್ಯವಹಾರವಿರುವಲ್ಲಿ ಹಗುರವಾದ ಅರಳೆ, ಇದು ಹೀಟ್ ಸಿಂಕಿನ ತೆಳುವಾದ ರೆಕ್ಕೆಗಳ ಮೇಲೆ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಅಡುಗೆಮನೆಗೆ ಹತ್ತಿರವಿದ್ದರೆ ಒಗ್ಗರಣೆಯ ಎಣ್ಣೆಹೊಗೆ, ದೇವರ ಕೋಣೆಗೆ ಹತ್ತಿರವಿದ್ದರೆ ಊದುಬತ್ತಿ ಲೋಬಾನಗಳ ಹೊಗೆ ಇವುಗಳೊಡನೆ ಬೆರೆತು ಜಿಗುಟಾಗುತ್ತವೆ. ಆಗ ಬರಿದೆ ಊದಿದರೆ ಹೋಗದು, ಮೃದುವಾದ ಕುಂಚ ಬೇಕು. ಹಳೆಯ ಮಠಗಳ ಗ್ರಂಥಭಂಡಾರಗಳಲ್ಲಿ ತಾಳೆಗರಿಯ ಕಟ್ಟುಗಳು ಉಳಿದುಬಂದದ್ದು ಕಟ್ಟಿಟ್ಟಿದ್ದರಿಂದಲ್ಲ. ಕಾಲಕಾಲಕ್ಕೆ ಬಿಚ್ಚಿ, ಕೊಡವಿ, ಎಣ್ಣೆ ಸವರಿ, ಮತ್ತೆ ಕಟ್ಟುವವರೊಬ್ಬರು ಇದ್ದುದರಿಂದ. ಇದಕ್ಕೂ ಅಂತಹ ಒಬ್ಬರು ಬೇಕು, ಎಣ್ಣೆಯೊಂದನ್ನು ಬಿಟ್ಟು!

ಶುಚಿಗೊಳಿಸುವ ಕ್ರಮ ಕಠಿಣವಲ್ಲ. ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗು ಕಿತ್ತು, ಬಳಿಕ ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಉಳಿದ ವಿದ್ಯುತ್ತು ಬಹುಮಟ್ಟಿಗೆ ಇಳಿಯುತ್ತದೆ. ಅಂಗಳಕ್ಕೆ ಒಯ್ದು ಪಕ್ಕದ ಮುಚ್ಚಳ ತೆಗೆದು, ಕೈಯನ್ನು ಲೋಹದ ಚೌಕಟ್ಟಿಗೆ ತಾಗಿಸಿಕೊಂಡು, ಕೈ ಬ್ಲೋಯರಿನಿಂದ ಒಳಗಿನಿಂದ ಹೊರಮುಖವಾಗಿ ಗಾಳಿ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಳ್ಳುವುದನ್ನು ಮರೆಯಬಾರದು. ಇಲ್ಲವಾದರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಒಳಗೆ ಆಡಿಸಬಾರದು, ಅದರ ಕೊಳವೆ ಸ್ಥಿರವಿದ್ಯುತ್ತನ್ನು ಹುಟ್ಟಿಸುತ್ತದೆ. ಒದ್ದೆ ಬಟ್ಟೆಯೂ ಬೇಡ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಹೊರಗಿನಿಂದ ಊದಬಹುದು, ಎಂದಿಗೂ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ಮುಂಭಾಗದ ಜಾಳಿಗೆಯನ್ನು ತಿಂಗಳಿಗೊಮ್ಮೆ, ಒಳಗನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.

ಫ್ಯಾನುಗಳು ಎಷ್ಟಿವೆಯೆಂಬುದಕ್ಕಿಂತ ಯಾವ ದಿಕ್ಕಿಗೆ ಊದುತ್ತವೆಂಬುದು ಮುಖ್ಯ. ಮುಂದಿನಿಂದ ತಂಪುಗಾಳಿ ಒಳಗೆ, ಹಿಂದಿನಿಂದಲೂ ಮೇಲಿನಿಂದಲೂ ಬಿಸಿಗಾಳಿ ಹೊರಗೆ; ಒಳಬರುವುದು ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದು ಕಡಿಮೆ. ಸಂಶಯವಿದ್ದರೆ ಹಚ್ಚಿದ ಊದುಬತ್ತಿಯೊಂದನ್ನು ಫ್ಯಾನಿನ ಹೊರಬದಿಯಲ್ಲಿ ಹಿಡಿಯಿರಿ, ಹೊಗೆಯೇ ಉತ್ತರ ಹೇಳುತ್ತದೆ. ನೀರಿನಿಂದ ತಂಪಾಗಿಸುವ ಸಲಕರಣೆಗೆ ಈಗ ಬಹಳ ಮೋಹವುಂಟು. ನಮ್ಮ ಸಾಧಾರಣ ಮನೆಗಳಿಗೆ ಒಳ್ಳೆಯದೊಂದು ಗಾಳಿಯ ಕೂಲರೇ ಸಾಕೆಂದು ನನ್ನ ಮತ. ಅದರಲ್ಲಿ ಕೆಡುವುದು ಫ್ಯಾನೊಂದೇ, ಅದನ್ನು ಕೆಲವೇ ನೂರು ರೂಪಾಯಿಗೆ ಬದಲಿಸಬಹುದು.

ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಬಳಿಯುವ ಥರ್ಮಲ್ ಪೇಸ್ಟ್ ಮೂರು ನಾಲ್ಕು ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ. ಧೂಳು ತೆಗೆದ ಮೇಲೂ ಕಾವು ಇಳಿಯದಿದ್ದರೆ ಅದನ್ನು ಬದಲಿಸತಕ್ಕದ್ದು. ಕೂಲರು ತೆಗೆಯುವ ಮುಂಚೆ ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ಪ್ಲಗ್ಗು ತೆಗೆಯಿರಿ, ಪೇಸ್ಟ್ ಮೆತ್ತಗಾಗಿರುತ್ತದೆ. ನೇರ ಎಳೆಯದೆ ಅತ್ತಿತ್ತ ತುಸು ತಿರುಗಿಸಿ ಎತ್ತಬೇಕು. ಹಳೆಯ ರೈಜೆನ್ ಪ್ರೊಸೆಸರುಗಳು ಕೂಲರಿಗೆ ಅಂಟಿಕೊಂಡೇ ಕಿತ್ತುಬಂದು ಕಡ್ಡಿಗಳು ಬಾಗಿದ ಪ್ರಸಂಗಗಳು ಹೇರಳ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದನ್ನಿಟ್ಟು ಕೂಲರನ್ನು ಸಮನಾಗಿ ಬಿಗಿಯಬೇಕು. ಹೊಸ ಕೂಲರಾದರೆ ತಳದ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯಿರಿ. ಅದನ್ನು ಸುಲಿಯದೆ ಕೂರಿಸಿ ಯಂತ್ರವನ್ನು ಬೈಯುವವರು ಎಲ್ಲೆಡೆಯೂ ಇದ್ದಾರೆ.

ಕಾಸು ಖರ್ಚಿಲ್ಲದ ಉಪಾಯವೊಂದುಂಟು. ನಿಮ್ಮ ಪರದೆ ಕ್ಷಣಕ್ಕೆ ೬೦ ಚಿತ್ರಗಳನ್ನು ಮಾತ್ರ ತೋರಿಸಬಲ್ಲುದಾದರೆ, ಗ್ರಾಫಿಕ್ಸ್ ಕಾರ್ಡು ೧೫೦ ಚಿತ್ರಗಳನ್ನು ಬರೆದು ಬಡಿದಾಡುವುದೇಕೆ? ಆಟದ ಸೆಟ್ಟಿಂಗಿನಲ್ಲಿ ಮಿತಿಯನ್ನು ೬೦ಕ್ಕೆ ಕಟ್ಟಿದರೆ ಕಾವೂ ಸದ್ದೂ ವಿದ್ಯುತ್ ಬಿಲ್ಲೂ ಒಟ್ಟಿಗೇ ಇಳಿಯುತ್ತವೆ.

ಮದರ್‌ಬೋರ್ಡಿನ ಬಯೋಸ್ ತಂತ್ರಾಂಶವನ್ನೂ ಅಲಕ್ಷಿಸಬಾರದು. ಇಂಟೆಲ್‌ನ ೧೩ ಮತ್ತು ೧೪ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹಲವು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಪಡೆದು ಕಾಲಕ್ರಮದಲ್ಲಿ ಹಾಳಾಗುತ್ತಿದ್ದುದು ೨೦೨೪ರಲ್ಲಿ ಬಯಲಾಯಿತು. ಸಂಸ್ಥೆಯು ಆ ವರ್ಷದ ಆಗಸ್ಟ್‌ನಿಂದ ತಿದ್ದುಪಡಿಗಳನ್ನು ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಪ್ರೊಸೆಸರುಗಳನ್ನು ಕೊಂಡವರು ಬಯೋಸ್ ನವೀಕರಿಸದೆ ಇದ್ದರೆ ಎಷ್ಟು ಫ್ಯಾನ್ ಹಾಕಿದರೂ ಫಲವಿಲ್ಲ. ಆಗಲೇ ಹಾಳಾದುದನ್ನು ಈ ತಿದ್ದುಪಡಿ ಸರಿಪಡಿಸುವುದೂ ಇಲ್ಲ, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಕಡೆಗೆ ವಿದ್ಯುತ್ತು. ದೊಡ್ಡ ಗ್ರಾಫಿಕ್ಸ್ ಕಾರ್ಡುಗಳ ವಿದ್ಯುತ್ ಕನೆಕ್ಟರುಗಳು ಕರಗಿದ ಸುದ್ದಿ ೨೦೨೨ರಲ್ಲಿ ಬಂತು. ಪೂರ್ತಿ ಒಳಗೆ ಕೂರದಿದ್ದುದು ಪ್ರಮುಖ ಕಾರಣವೆಂದು ಎನ್ವಿಡಿಯಾ ತಿಳಿಸಿತು. ಶುಚಿಗೊಳಿಸಿ ಮುಚ್ಚುವ ಮುನ್ನ ಅದನ್ನೊಮ್ಮೆ ಗಟ್ಟಿಯಾಗಿ ಒತ್ತಿ ನೋಡಿ. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ವೈರ್‌ಮನ್‌ನಿಂದ ಪರೀಕ್ಷೆ ಮಾಡಿಸಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವ ೬೦೦ ವಿ.ಎ. ಯು.ಪಿ.ಎಸ್. ಸುಮಾರು ೩೬೦ ವ್ಯಾಟ್ ಮಾತ್ರ ತಾಳಬಲ್ಲುದು; ಪರದೆಯನ್ನೂ ಸೇರಿಸಿ ಲೆಕ್ಕ ಹಾಕಿಯೇ ಕೊಳ್ಳಬೇಕು. ಮಗ ಊಟಕ್ಕೆ ಬರಲಿಲ್ಲವೆಂದು ಸಿಟ್ಟಿನಿಂದ ಗೋಡೆಯ ಸ್ವಿಚ್ಚನ್ನೇ ಆರಿಸುವ ತಂದೆಯರಿಗೆ ಒಂದು ಮಾತು: ಬರೆಯುತ್ತಿರುವಾಗ ವಿದ್ಯುತ್ತು ತಪ್ಪಿದರೆ ಡಿಸ್ಕಿನಲ್ಲಿರುವ ಮಗನ ಆಟವಷ್ಟೇ ಅಲ್ಲ, ನಿಮ್ಮದೇ ಮನೆಯ ಫೋಟೋಗಳೂ ಲೆಕ್ಕಪತ್ರಗಳೂ ಕೆಡಬಹುದು. ಐದು ನಿಮಿಷ ಗಡುವು ಕೊಟ್ಟು, ಅವನ ಕೈಯಿಂದಲೇ ಆರಿಸಿರಿ.