ಅಶ್ಲೀಲ: ಅಲಂಕಾರಶಾಸ್ತ್ರದಿಂದ ಅಂತರ್ಜಾಲದವರೆಗೆ

'ಅಶ್ಲೀಲ' ಎಂಬ ಪದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾಗುವುದು ಕಾವ್ಯದೋಷಗಳ ಪಾಠದಲ್ಲಿ. ಲಜ್ಜೆ, ಜುಗುಪ್ಸೆ, ಅಮಂಗಳ ಇವುಗಳನ್ನು ಸೂಚಿಸುವ ಮಾತೆಂದು ಮಮ್ಮಟನು ಅದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಅಲ್ಲಿ ವಿಚಾರಣೆಗೆ ಒಳಗಾಗುವುದು ವಸ್ತುವಲ್ಲ, ಔಚಿತ್ಯ. ಸಂದರ್ಭಕ್ಕೆ ಒಪ್ಪಿದರೆ ದೋಷವೂ ಗುಣವಾಗಬಲ್ಲದು.

ನ್ಯಾಯಾಲಯದ ಅಳತೆಗೋಲು ಬೇರೆಯಾಗಿತ್ತು. 1868ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ 'ಹಿಕ್ಲಿನ್' ಸೂತ್ರವು, ಕೃತಿಯೊಂದು ಸುಲಭವಾಗಿ ಕೆಡಬಲ್ಲ ಮನಸ್ಸನ್ನು ಕೆಡಿಸುವುದೇ ಎಂದು ಕೇಳುತ್ತಿತ್ತು. ಕಾವ್ಯಮೀಮಾಂಸೆಯ ಆದರ್ಶ ಓದುಗನು ಸಹೃದಯ. ಈ ಸೂತ್ರದ ಓದುಗನು ದುರ್ಬಲಹೃದಯ. 1964ರಲ್ಲಿ ಡಿ. ಎಚ್. ಲಾರೆನ್ಸನ ಕಾದಂಬರಿಯನ್ನು ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದು ಇದೇ ಸೂತ್ರದ ಬಲದಿಂದ. 2014ರಲ್ಲಿ ಅದೇ ನ್ಯಾಯಾಲಯವು ಅದನ್ನು ಕೈಬಿಟ್ಟು, ಸಮಕಾಲೀನ ಸಮಾಜದ ಮಾನದಂಡವನ್ನು ಅಂಗೀಕರಿಸಿತು.

ಅಷ್ಟರಲ್ಲಿ ಪುಸ್ತಕದಂಗಡಿಯ ಸ್ಥಾನಕ್ಕೆ ಮೊಬೈಲ್ ಬಂದಿತ್ತು. 2015ರ ಜುಲೈ ಕೊನೆಯಲ್ಲಿ ಕೇಂದ್ರ ಸರ್ಕಾರವು 857 ಜಾಲತಾಣಗಳನ್ನು ತಡೆಯಲು ಆದೇಶಿಸಿತು. ಟೀಕೆ ಎದುರಾದಾಗ ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿತು. ತಡೆಯ ಪರವೂ ವಿರುದ್ಧವೂ ಎದ್ದ ವಾದಗಳಲ್ಲಿ ನೋಡುವವನ ನೀತಿ ಮತ್ತು ಸ್ವಾತಂತ್ರ್ಯಗಳದೇ ಮಾತು. ಚಿತ್ರದೊಳಗೆ ಇರುವವರ ಒಪ್ಪಿಗೆಯ ಪ್ರಶ್ನೆ ಹಿಂದೆ ಸರಿಯಿತು.

ಕಾನೂನು ಈ ಭೇದವನ್ನು ಬಲ್ಲದು. ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಅಶ್ಲೀಲ ಪ್ರಕಟಣೆಗೆ 67ನೆಯ ಕಲಮು, ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದಕ್ಕೂ ಹರಡುವುದಕ್ಕೂ 66ಇ, ಮಕ್ಕಳ ಲೈಂಗಿಕ ಚಿತ್ರಣಕ್ಕೆ 67ಬಿ ಪ್ರತ್ಯೇಕವಾಗಿವೆ. ಚಿತ್ರ ತೆಗೆಯಲು ಒಪ್ಪಿದ ಹೆಣ್ಣು ಅದನ್ನು ಹಂಚಲು ಒಪ್ಪಿಲ್ಲದಿದ್ದರೆ, ಹಂಚುವುದು ಅಪರಾಧವೆಂದು 2013ರ ದಂಡಸಂಹಿತೆಯ ತಿದ್ದುಪಡಿಯೂ ಸ್ಪಷ್ಟಪಡಿಸಿತು.

ನಮ್ಮ ಆಡುಮಾತು ಮಾತ್ರ ಇವೆಲ್ಲವನ್ನೂ 'ಅಶ್ಲೀಲ ವಿಡಿಯೊ' ಎಂಬ ಒಂದೇ ಹೆಸರಿನಿಂದ ಕರೆಯುತ್ತದೆ. ಚಿತ್ರ ಹರಿದಾಡಿದಾಗ 'ಅವಳ ಮಾನ ಹೋಯಿತು' ಎನ್ನುತ್ತೇವೆ. ಹಂಚಿದವನ ಮಾನದ ಮಾತೇ ಬರುವುದಿಲ್ಲ. ಲಜ್ಜೆಯನ್ನು ಹೆಚ್ಚಾಗಿ ಪಾಲಿಸುವ ಸಮಾಜದಲ್ಲಿ ಈ ಒಂದು ವಾಕ್ಯವೇ ದೂರು ಕೊಡಬೇಕಾದವಳ ಬಾಯಿ ಮುಚ್ಚಿಸಬಲ್ಲದು. ಶಬ್ದದ ಔಚಿತ್ಯವನ್ನು ಶಾಸ್ತ್ರವಾಗಿ ಓದುವ ನಾವು ಶೃಂಗಾರವನ್ನು ಶೃಂಗಾರವೆಂದೂ ದೌರ್ಜನ್ಯವನ್ನು ದೌರ್ಜನ್ಯವೆಂದೂ ಕರೆಯುವುದನ್ನು ರೂಢಿಸಿಕೊಳ್ಳಬೇಕು.