ರೋಗ ಹೋಗುವುದು ಬೇರೆ, ಬಲ ಮರಳುವುದು ಬೇರೆ

ಕೆಲವು ತಿಂಗಳ ಹಿಂದೆ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಹೆಪಟೈಟಿಸ್ ಸಿ ಎಂಬ ದೀರ್ಘಕಾಲದ ಯಕೃತ್ತಿನ ರೋಗಕ್ಕೆ ಹನ್ನೆರಡು ವಾರ ಮಾತ್ರೆ ಸೇವಿಸಿ, ರಕ್ತದಲ್ಲಿ ವೈರಾಣು ಇಲ್ಲವೆಂಬ ವರದಿಯನ್ನು ಪಡೆದಿದ್ದರು. "ರೋಗ ಹೋಯಿತು ಡಾಕ್ಟರೇ, ಇನ್ನು ರೋಗನಿರೋಧಕ ಶಕ್ತಿ ಹೆಚ್ಚುವ ಕಷಾಯವೊಂದನ್ನು ಬರೆದುಕೊಡಿ" ಎಂದರು. ಅವರ ಕೈಚೀಲದಲ್ಲಿ ಯಾರೋ ಕೊಟ್ಟ ಅಮೃತಬಳ್ಳಿ ಪುಡಿಯ ಡಬ್ಬಿಯಿತ್ತು. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕೆಂದು ಆಸ್ಪತ್ರೆಯವರು ಬರೆದ ಚೀಟಿಯೂ ಮಡಿಕೆ ಬಿಚ್ಚದೆ ಹಾಗೆಯೇ ಇತ್ತು. ಇದೇ ತಿಳಿವಳಿಕೆಯಲ್ಲಿರುವ ಭಕ್ತರು ಇನ್ನೂ ಅನೇಕರಿರಬಹುದಾದ್ದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ.

ಚರಕ ಸಂಹಿತೆಯ ಜ್ವರಚಿಕಿತ್ಸೆಯ ಅಧ್ಯಾಯದಲ್ಲಿ, ಜ್ವರ ಬಿಟ್ಟ ಮೇಲೂ ಬಲ ಬರುವ ತನಕ ವ್ಯಾಯಾಮ ಮೊದಲಾದವುಗಳನ್ನು ವರ್ಜಿಸಬೇಕೆಂಬ ವಿಧಿಯಿದೆ. ರೋಗ ಹೋಗುವುದು ಬೇರೆ, ಬಲ ಮರಳುವುದು ಬೇರೆ ಎಂಬುದೇ ಅದರ ತಾತ್ಪರ್ಯ. ಹೆಪಟೈಟಿಸ್ ಸಿ ವಿಷಯದಲ್ಲಿ ಇಂದಿನ ವೈದ್ಯವಿಜ್ಞಾನವೂ ಈ ಭೇದವನ್ನೇ ಕಂಡುಕೊಂಡಿದೆ.

1989ರಲ್ಲಿ ಗುರುತಿಸಲಾದ ಈ ವೈರಾಣು ರಕ್ತದ ಮೂಲಕ ಹರಡಿ, ಎಷ್ಟೋ ವರ್ಷ ಸದ್ದಿಲ್ಲದೆ ಯಕೃತ್ತಿನಲ್ಲಿ ನೆಲೆಸಿರುತ್ತದೆ. ಅಷ್ಟು ಕಾಲವೂ ದೇಹದ ರಕ್ಷಕರಾದ ಟಿ ಜೀವಕೋಶಗಳು ಹೋರಾಡುತ್ತಲೇ ಇರುತ್ತವೆ. ಬಿಡುವಿಲ್ಲದ ಈ ಹೋರಾಟದಿಂದ ಅವು ದಣಿಯುತ್ತವೆ. ಅವುಗಳ ಮೇಲ್ಮೈಯಲ್ಲಿ ಕೆಲಸಕ್ಕೆ ಕಡಿವಾಣ ಹಾಕುವ ಪ್ರೋಟೀನುಗಳು ಹೆಚ್ಚುತ್ತವೆ. ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದು ಮುಖ್ಯವಾಗಿ ರೋಗನಿರೋಧಕ ವ್ಯವಸ್ಥೆಯನ್ನೇ ಕೆರಳಿಸಿ ಕೆಲಸ ಮಾಡುತ್ತಿತ್ತು. 2013ರ ಕೊನೆಯಲ್ಲಿ ಬಂದ ಸೊಫೊಸ್ಬುವಿರ್ ಹಾಗೂ ಅದರ ಜೊತೆಗಾರ ಔಷಧಗಳು ವೈರಾಣುವಿನ ವೃದ್ಧಿಯನ್ನೇ ನೇರವಾಗಿ ತಡೆಯುತ್ತವೆ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ಮಾತ್ರೆ ಮುಗಿದು ಹನ್ನೆರಡು ವಾರಗಳ ನಂತರವೂ ವೈರಾಣು ಕಾಣದಿದ್ದರೆ ರೋಗ ವಾಸಿಯಾಯಿತೆಂದೇ ಅರ್ಥ.

ವೈರಾಣು ತೊಲಗಿದೊಡನೆ ಯಕೃತ್ತಿನ ಉರಿಯೂತ ಇಳಿಯತೊಡಗುತ್ತದೆ. ರಕ್ಷಣಾ ಜೀವಕೋಶಗಳಲ್ಲಿ ಕೆಲವು ಬಹುಮಟ್ಟಿಗೆ ಸಹಜ ಸ್ಥಿತಿಗೆ ಮರಳುತ್ತವೆ. ಆದರೆ ವೈರಾಣುವಿನೊಡನೆ ಸೆಣಸಿ ದಣಿದ ಟಿ ಜೀವಕೋಶಗಳು ಭಾಗಶಃ ಮಾತ್ರ ಚೇತರಿಸಿಕೊಳ್ಳುತ್ತವೆ. ಗಾಯ ಮಾಯ್ದರೂ ಕಲೆ ಉಳಿಯುವಂತೆ ದಣಿವಿನ ಗುರುತು ಅವುಗಳಲ್ಲಿ ಉಳಿದುಬಿಡುತ್ತದೆ.

ಇದರಿಂದ ತಿಳಿಯಬೇಕಾದ ಸಂಗತಿಗಳಿವೆ. ಒಮ್ಮೆ ಗುಣವಾದವರಿಗೆ ಈ ರೋಗ ಮತ್ತೆ ತಗಲದೆಂಬ ಭರವಸೆಯಿಲ್ಲ. ಆದ್ದರಿಂದ ಪರರ ಕ್ಷೌರದ ಬ್ಲೇಡು, ಬಳಸಿದ ಸೂಜಿ, ಶುಚಿಯಿಲ್ಲದ ಹಚ್ಚೆಯ ಉಪಕರಣಗಳಿಂದ ದೂರವಿರಬೇಕು. ರಕ್ತದಲ್ಲಿ ಪ್ರತಿಕಾಯದ ಪರೀಕ್ಷೆ ಮಾತ್ರ ಬಹುತೇಕ ಜೀವನಪರ್ಯಂತ ಪಾಸಿಟಿವ್ ಎಂದೇ ತೋರಿಸುತ್ತದೆ. ಅದು ಹಳೆಯ ಹೋರಾಟದ ನೆನಪು, ಅದಕ್ಕೆ ಅಂಜಬೇಕಾಗಿಲ್ಲ. ರೋಗವಿದೆಯೇ ಇಲ್ಲವೇ ಎಂಬುದನ್ನು ವೈರಾಣುವಿನ ಆರ್‌ಎನ್‌ಎ ಪರೀಕ್ಷೆಯೇ ಹೇಳಬೇಕು. ಚಿಕಿತ್ಸೆಗೆ ಮುನ್ನವೇ ಯಕೃತ್ತು ಗಡುಸಾಗಿ ಸಿರೋಸಿಸ್ ಹಂತ ತಲುಪಿದ್ದವರಲ್ಲಿ ಕ್ಯಾನ್ಸರಿನ ಅಪಾಯ ತಗ್ಗುತ್ತದೆಯೇ ಹೊರತು ಅಳಿಯುವುದಿಲ್ಲ. ಅಂಥವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಲೇಬೇಕು.

ಹೆಪಟೈಟಿಸ್ ಬಿ ಇರುವವರ ಮಾತು ಬೇರೆ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ಆ ವೈರಾಣುವನ್ನು ಅಡಗಿಸುತ್ತವೆ. ಸಾಮಾನ್ಯವಾಗಿ ಬೇರುಸಹಿತ ಕೀಳುವುದಿಲ್ಲ. ವರದಿ ಚೆನ್ನಾಗಿದೆಯೆಂದು ತಾವಾಗಿಯೇ ನಿಲ್ಲಿಸಿದರೆ ರೋಗ ಉಲ್ಬಣಿಸಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡೂ ವೈರಾಣುಗಳಿರುವವರಲ್ಲಿ ಸಿ ಅಳಿದಾಗ ಬಿ ತಲೆಯೆತ್ತುವುದುಂಟು. ಆದಕಾರಣ ಸಿ ಚಿಕಿತ್ಸೆಗೆ ಮೊದಲೇ ಬಿ ಪರೀಕ್ಷೆಯೂ ಆಗಬೇಕು. ಬಿ ಇಲ್ಲದವರಿಗೆ ಅದರ ಲಸಿಕೆ ಲಭ್ಯವಿದೆ.

ಇನ್ನು ಕಷಾಯದ ವಿಚಾರ. ಆಯುರ್ವೇದವನ್ನೇ ನಂಬಿ ಬಾಳಿದ ನಾವೇ ಇದನ್ನು ಹೇಳಬೇಕಾಗಿದೆ. ದಣಿದ ಟಿ ಜೀವಕೋಶಗಳನ್ನು ಹೊಸದಾಗಿಸುವುದೆಂದು ಸಿದ್ಧಪಟ್ಟ ಪುಡಿಯಾಗಲಿ, ಲೇಹ್ಯವಾಗಲಿ ಇಲ್ಲ. ಅಮೃತಬಳ್ಳಿ, ಅಶ್ವಗಂಧ ಸೇವಿಸಿದ ಕೆಲವರಲ್ಲಿ ಯಕೃತ್ತಿಗೇ ಪೆಟ್ಟು ಬಿದ್ದ ವರದಿಗಳಿವೆ. ಅಮೃತಬಳ್ಳಿಯ ಕೆಲವು ಪ್ರಕರಣಗಳಲ್ಲಂತೂ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳು ಕಂಡವು. ಒಬ್ಬರಿಗೆ ಅಮೃತವಾದದ್ದು ಬಳಲಿದ ಯಕೃತ್ತಿಗೆ ಭಾರವಾಗಬಹುದು. ವೈದ್ಯರಿಗೆ ತಿಳಿಸದೆ ಏನನ್ನೂ ಸೇವಿಸಬಾರದು.

ಹಾಗಾದರೆ ಬಲ ಮರಳುವುದು ಹೇಗೆ? ಮದ್ಯವನ್ನು ಸಂಪೂರ್ಣ ತ್ಯಜಿಸುವುದು, ಬೊಜ್ಜು ಹಾಗೂ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ರಾಗಿ, ಹೆಸರುಕಾಳು, ಸೊಪ್ಪು, ಮಜ್ಜಿಗೆಗಳ ಹಿತಮಿತ ಆಹಾರ, ಸಾಕಷ್ಟು ನಿದ್ರೆ, ನಿತ್ಯದ ನಡಿಗೆ. ಇವು ಯಕೃತ್ತಿನ ಹೊರೆಯನ್ನು ಇಳಿಸುತ್ತವೆ. ಕೈಯಲ್ಲಿ ಹಣವಿಲ್ಲವೆಂದು ಯಾರೂ ಪರೀಕ್ಷೆಯನ್ನು ಮುಂದೂಡುವುದು ಬೇಡ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಆ ರೈತರಿಗೆ ನಾವು ಕಷಾಯ ಬರೆಯಲಿಲ್ಲ. ಅವರ ಯಕೃತ್ತು ಮೊದಲೇ ಗಡುಸಾಗಿದ್ದುದು ಹಳೆಯ ವರದಿಯಲ್ಲಿತ್ತು. ಮಡಿಸಿದ ಚೀಟಿಯನ್ನು ಬಿಚ್ಚಿ, ಸ್ಕ್ಯಾನಿಂಗಿನ ದಿನವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಮನೆಯ ಕ್ಯಾಲೆಂಡರಿಗೆ ಅಂಟಿಸಿಕೊಳ್ಳಿರೆಂದು ಹೇಳಿ ಕಳುಹಿಸಿದೆವು.