ಕೊಬ್ಬರಿ ಕೆಡಿಸುವ ಲೈಪೇಸ್, ಕೂಸು ಉಳಿಸುವ ಲೈಪೇಸ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದು ಅಡಗಿ ಉಂಡೆ ಗಡಗಡ ಉರುಳಿದರೆ ಕೊಬ್ಬರಿ ಆಯಿತು ಎಂದೇ ಲೆಕ್ಕ. ತೇವ ಉಳಿದು ಬೂಷ್ಟು ಹಿಡಿದಿದ್ದರೆ ಒಡೆದ ಕೂಡಲೇ ಕಮಟು ಮೂಗಿಗೆ ಬಡಿಯುತ್ತದೆ. ಬೂಷ್ಟಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಸೀಳಿ ಆಮ್ಲ ಬಿಡಿಸುವುದೂ ಆ ಕಮಟಿಗೆ ಕಾರಣ. ಬೆಳೆಗಾರನ ಪಾಲಿಗೆ ಅದು ದರ ಇಳಿಸುವ ಶನಿ. ಆದರೆ ಅದೇ ಕುಲದ ಕಿಣ್ವವೊಂದು ಮೈಯಲ್ಲಿಲ್ಲದೆ ಎಷ್ಟೋ ಕೂಸುಗಳು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚಿದವು.

1956ರಲ್ಲಿ ಇಸ್ರೇಲಿನ ಮೋಶೆ ವೋಲ್ಮನ್ ಮತ್ತು ಸಂಗಡಿಗರು ಅಂಥ ಒಂದು ಹಸುಗೂಸಿನ ವಿವರ ಪ್ರಕಟಿಸಿದರು. ವೋಲ್ಮನ್ ಹೆಸರಿನಿಂದಲೇ ಕರೆಯುವ ಈ ಕಾಯಿಲೆಯಲ್ಲಿ ಹೊಟ್ಟೆ ಉಬ್ಬುತ್ತದೆ, ವಾಂತಿಭೇದಿ ನಿಲ್ಲುವುದಿಲ್ಲ, ಕುಡಿದ ಹಾಲು ಮೈಗೆ ಹತ್ತುವುದಿಲ್ಲ. ಪಿತ್ತಜನಕಾಂಗದ ತುಂಬ ಕೊಬ್ಬು. ಮೂತ್ರಪಿಂಡದ ನೆತ್ತಿಯ ಅಡ್ರಿನಲ್ ಗ್ರಂಥಿಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಯಾಕೆ ಹೀಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1969ರಲ್ಲಿ. ಜೀವಕೋಶದೊಳಗಿನ ಲೈಸೋಸೋಮ್ ಎಂಬ ಪುಟ್ಟ ಚೀಲದಲ್ಲಿ ಕೊಬ್ಬನ್ನೂ ಕೊಲೆಸ್ಟೆರಾಲನ್ನೂ ಬಿಡಿಸಬೇಕಾದ ಆಸಿಡ್ ಲೈಪೇಸ್ ಈ ಕೂಸುಗಳಲ್ಲಿ ಕೆಲಸ ಮಾಡುತ್ತಿಲ್ಲ ಎಂದು ಪ್ಯಾಟ್ರಿಕ್ ಮತ್ತು ಲೇಕ್ ತೋರಿಸಿದರು. ಬಂದ ಸರಕೆಲ್ಲ ಚೀಲದಲ್ಲೇ ತುಂಬಿಕೊಂಡು ಕೋಶ ಬಿರಿಯುವಂತಾಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಹೆಜ್ಜೆ. ಡಲ್ಲಾಸಿನಲ್ಲಿ ಕೊಲೆಸ್ಟೆರಾಲಿನ ಬೆನ್ನು ಹತ್ತಿದ್ದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1975ರಲ್ಲಿ ಇದೇ ಕೊರತೆಯ ಸೌಮ್ಯ ರೂಪ ಇದ್ದವರ ಚರ್ಮದ ಕೋಶಗಳನ್ನು ಪರೀಕ್ಷಿಸಿದರು. ರಕ್ತದಲ್ಲಿ ಕೊಲೆಸ್ಟೆರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣ ಕೋಶದೊಳಕ್ಕೆ ಬರುತ್ತದೆ, ಆದರೆ ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ 'ಕೊಲೆಸ್ಟೆರಾಲ್ ಸಾಕು, ಇನ್ನು ತಯಾರಿಸಬೇಡ' ಎಂಬ ಸುದ್ದಿಯೂ ಕೋಶಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ನಮ್ಮೆಲ್ಲರ ರಕ್ತಪರೀಕ್ಷೆಯ ಚೀಟಿಯಲ್ಲಿರುವ ಎಲ್‌ಡಿಎಲ್ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಲೋಕಕ್ಕೆ ಕಲಿಸಿದವರಲ್ಲಿ ಈ ವಿರಳ ರೋಗಿಗಳೂ ಇದ್ದಾರೆ. 1985ರ ನೊಬೆಲ್ ಆ ಇಬ್ಬರಿಗೆ ಬಂತು.

ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವುದು ಹೇಗೆ? 1991ರಲ್ಲಿ ಅದರ ವಂಶವಾಹಿಯ ಪ್ರತಿ ಕೈಗೆ ಸಿಕ್ಕಿತು. 2001ರಲ್ಲಿ ಸಿನ್ಸಿನಾಟಿಯ ತಂಡ ಯೀಸ್ಟಿನಲ್ಲಿ ಮಾನವ ಕಿಣ್ವ ತಯಾರಿಸಿ, ಕೊರತೆಯಿದ್ದ ಇಲಿಗಳಿಗೆ ಚುಚ್ಚಿ, ಪಿತ್ತಜನಕಾಂಗದ ಕೊಬ್ಬು ಇಳಿಸಿತು. ಕೊನೆಗೆ ಔಷಧವಾಗಿ ಬಂದದ್ದು ಕೋಳಿಮೊಟ್ಟೆಯಿಂದ. ಮಾನವ ವಂಶವಾಹಿ ಸೇರಿಸಿದ ಕೋಳಿಗಳು ಮೊಟ್ಟೆಯ ಬಿಳಿಯಲ್ಲೇ ಈ ಕಿಣ್ವವನ್ನು ಇಡುತ್ತವೆ. ಅದನ್ನು ಶುದ್ಧಮಾಡಿ ಡ್ರಿಪ್ಪಿನಲ್ಲಿ ಕೊಡುತ್ತಾರೆ. ಕಿಣ್ವಕ್ಕೆ ಅಂಟಿದ ಸಕ್ಕರೆಯ ಎಳೆಗಳನ್ನು ಗುರುತು ಹಿಡಿದು ಕೋಶಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಲೈಸೋಸೋಮಿಗೇ ತಲುಪಿಸುತ್ತವೆ. ಸೆಬೆಲಿಪೇಸ್ ಆಲ್ಫಾ ಎಂಬ ಈ ಔಷಧಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2015ರ ಡಿಸೆಂಬರಿನಲ್ಲಿ. ಪ್ರಯೋಗದಲ್ಲಿದ್ದ 9 ಕೂಸುಗಳಲ್ಲಿ 6 ಕೂಸುಗಳು ಮೊದಲ ಹುಟ್ಟುಹಬ್ಬ ದಾಟಿದವು. ಹೋಲಿಕೆಗೆ ತೆಗೆದುಕೊಂಡ ಹಳೆಯ ದಾಖಲೆಗಳ 21 ಕೂಸುಗಳಲ್ಲಿ ಒಂದೂ ದಾಟಿರಲಿಲ್ಲ.

ತಾಯಿತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವ, ಅತ್ತೆಮಗ ಎಂದು ಹತ್ತಿರದಲ್ಲೇ ಹೆಣ್ಣು ಕೊಟ್ಟು ತರುವ ನಮ್ಮ ಕಡೆಗೆ ಆ ಮಾತು ಸುಮ್ಮನೆ ದಾಟಿಸುವಂಥದ್ದಲ್ಲ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯ ಪಟ್ಟಿಯಲ್ಲಿ ವೋಲ್ಮನ್ ಕಾಯಿಲೆಯ ಹೆಸರಿದೆ. ಹೊಟ್ಟೆ ಉಬ್ಬಿ ತೂಕ ಏರದ ಕೂಸಿನ ಅಡ್ರಿನಲ್‌ನಲ್ಲಿ ಸುಣ್ಣ ಕಂಡರೆ, ಕಾಗದದ ಮೇಲೆ ಒಣಗಿಸಿದ ಒಂದು ತೊಟ್ಟು ರಕ್ತದಲ್ಲೇ ಈ ಕಿಣ್ವ ಇದೆಯೋ ಇಲ್ಲವೋ ನೋಡಬಹುದು.